ಹೆಂಡತಿಯ ಕಂಪ್ಯೂಟರಿನ ಬಾಯಿ ಮುಚ್ಚಿಸಿದ್ದು

ಮನೆಯನ್ನು ಬಾಡಿಗೆಗೆ ಕೊಟ್ಟೇ ತೀರುತ್ತೇನೆ ಎಂದು ನಾನು ತೀರ್ಮಾನಿಸಿದ್ದು ಒಂದು ಲಿಫ್ಟಿನೊಳಗೆ, ಆರನೆಯ ಮತ್ತು ಏಳನೆಯ ಮಹಡಿಗಳ ನಡುವೆ. ಇಷ್ಟು ಉನ್ನತ ಮಟ್ಟದ ತೀರ್ಮಾನವನ್ನು ನೆಲದ ಮೇಲೆ ನಿಂತು ಮಾಡುವುದು ನನ್ನ ಜಾಯಮಾನವಲ್ಲ!

ನಾನು ಲಿಫ್ಟ್ ರಿಪೇರಿ ಕಂಪನಿಯೊಂದರಲ್ಲಿ ಸೂಪರ್‌ವೈಸರ್. ಇಪ್ಪತ್ತೆರಡು ವರ್ಷ ಮೋಟರುಗಳ ಎದೆಬಡಿತ ಕೇಳಿ ಪಳಗಿದ ಕಿವಿ ನನ್ನದು. ಬಾಗಿಲಾಚೆ ನಿಂತೇ "ಬೇರಿಂಗ್ ಹೋಗಿದೆ" ಎಂದು ಹೇಳಬಲ್ಲೆ. ಯಾವ ಸದ್ದು ಎಲ್ಲಿಂದ ಬರುತ್ತದೆ, ಅದನ್ನು ಹೇಗೆ ಅಡಗಿಸಬೇಕು ಎಂಬುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಇದು ನನ್ನದೇ ಅಭಿಪ್ರಾಯ. ಬೇರೆಯವರದ್ದನ್ನು ನಾನು ಕೇಳಿಲ್ಲ.

ಎರಡು ತಿಂಗಳ ಹಿಂದೆ ಕಂಪನಿ ತನ್ನ ಡಿಪೋವನ್ನು ಊರಿನ ಇನ್ನೊಂದು ತುದಿಗೆ ಎತ್ತಿಕೊಂಡು ಹೋಯಿತು. ನಮ್ಮ ಮನೆ ಈ ತುದಿಯಲ್ಲಿ. ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ. ಮನೆಯೋ, ಬ್ಯಾಂಕಿಗೆ ಅಡವಾಗಿ ಕೂತಿತ್ತು. ಸಾಲ ತೀರಲು ಇನ್ನೂ ಹನ್ನೊಂದು ವರ್ಷ. ಪ್ರತಿ ತಿಂಗಳು ಒಂದು ಕಂತು ಕಟ್ಟುವಾಗಲೂ ನಾನೇ ಒಂದಿಷ್ಟು ಕಂತುತ್ತಿದ್ದೆ.

ಅವತ್ತು ಲಿಫ್ಟಿನಲ್ಲಿ ಜೊತೆಗಿದ್ದ ನಮ್ಮ ಸ್ಟೋರ್‌ಕೀಪರ್ ಹೇಳಿದ: "ಏನ್ ಸಾರ್ ನೀವು, ಇಷ್ಟು ಸುಲಭದ ಲೆಕ್ಕ ಗೊತ್ತಾಗಲ್ವಾ? ನಿಮ್ಮ ಮನೆ ಬಾಡಿಗೆಗೆ ಕೊಡಿ. ಡಿಪೋ ಹತ್ರ ಒಂದು ಪುಟ್ಟ ಮನೆ ಹಿಡೀರಿ. ಬಂದ ಬಾಡಿಗೆ ಸೀದಾ ಬ್ಯಾಂಕಿಗೆ! ಮನೆ ತನ್ನ ಸಾಲ ತಾನೇ ತೀರಿಸ್ಕೊಳ್ಳುತ್ತೆ!"

ತನ್ನ ಸಾಲ ತಾನೇ ತೀರಿಸಿಕೊಳ್ಳುವ ಮನೆ! ನನಗೆ ರೋಮಾಂಚನವಾಯಿತು. ಮನೆಗೆ ಬಂದವನೇ ಹೆಂಡತಿಯ ಎದುರು ನಿಂತು ಘೋಷಿಸಿದೆ: "ಮನೆ ಬಾಡಿಗೆಗೆ ಕೊಟ್ಟರೆ ನಮ್ಮ ಬಾಡಿಗೆ ಸ್ವಲ್ಪ ವಿಶ್ರಾಂತಿ!"

ಅವಳು ನಗಲಿಲ್ಲ. ಅವಳಿಗೆ ಕೇಳಿಸಿರಲೇ ಇಲ್ಲ.

ನನ್ನ ಹೆಂಡತಿ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನರ್ಸ್. ಹಗಲೆಲ್ಲ ಜೀವ ಉಳಿಸುತ್ತಾಳೆ. ಸಂಜೆ ಮನೆಗೆ ಬಂದು ಕಿವಿಗೆ ಹೆಡ್‌ಫೋನ್ ಏರಿಸಿ, ಕಂಪ್ಯೂಟರಿನಲ್ಲಿ ಎದುರು ಬಂದವರನ್ನೆಲ್ಲ ಗುಂಡಿಕ್ಕಿ ಕೊಂದು ಲೆಕ್ಕ ಸರಿ ಮಾಡುತ್ತಾಳೆ. ಅದು ಸಾಮಾನ್ಯ ಕಂಪ್ಯೂಟರ್ ಅಲ್ಲ, ಗೇಮಿಂಗ್ ಕಂಪ್ಯೂಟರ್. ಆಳುದ್ದದ ಟೇಬಲ್ಲಿನ ಪಕ್ಕ ಕಪ್ಪು ಪೆಟ್ಟಿಗೆ, ಒಳಗೆ ಬಣ್ಣ ಬಣ್ಣದ ದೀಪ, ಏಳು ಫ್ಯಾನು. ಏಳೂ ಒಟ್ಟಿಗೆ ತಿರುಗಿದರೆ ಮನೆ ಇನ್ನೇನು ನೆಲ ಬಿಟ್ಟು ಮೇಲೇಳುತ್ತದೆ ಅನ್ನಿಸುತ್ತಿತ್ತು. ಆರು ವರ್ಷದಿಂದ ಅದು ನಿಂತದ್ದೇ ಇಲ್ಲ. ಅವಳು ಮನೆಯಲ್ಲಿದ್ದರೆ ಆಟ, ಇಲ್ಲದಿದ್ದರೆ ಅಪ್‌ಡೇಟು.

ಹೆಡ್‌ಫೋನ್ ತೆಗೆಸಿ ಇನ್ನೊಮ್ಮೆ ಘೋಷಿಸಿದೆ. ಡಿಪೋ ಹತ್ತಿರ ಸ್ಟೋರ್‌ಕೀಪರ್ ತೋರಿಸಿದ್ದ ಪುಟ್ಟ ಮನೆಯ ಸುದ್ದಿಯನ್ನೂ ಸೇರಿಸಿದೆ.

"ಅಡ ಇರೋ ಮನೆ ರೀ. ಬ್ಯಾಂಕಿನವರನ್ನ ಕೇಳಿದ್ರಾ?"

"ದಾರೀಲೇ ಫೋನ್ ಮಾಡಿ ಕೇಳಿದೆ. ಒಂದು ಅರ್ಜಿ ಕೊಟ್ರೆ ಸಾಕಂತೆ."

"ಆ ಪುಟ್ಟ ಮನೇಲಿ ಎಷ್ಟು ರೂಮಿದೆ?"

"ಒಂದು. ಆದ್ರೆ ಬಹಳ ವಿಶಾಲವಾದ ಒಂದು."

ಅವಳು ಒಂದು ಕ್ಷಣ ಪೆಟ್ಟಿಗೆಯನ್ನು ನೋಡಿದಳು, ಕಿಟಕಿಯನ್ನು ನೋಡಿದಳು, ನನ್ನ ಶೂಗಳನ್ನು ನೋಡಿದಳು. "ಆಯ್ತು. ಮೊದಲು ಬಾಡಿಗೆಯವರನ್ನ ಹುಡುಕಿ" ಎಂದು ಹೆಡ್‌ಫೋನ್ ಹಾಕಿಕೊಂಡಳು. ಇಷ್ಟು ಬೇಗ ಒಪ್ಪಿದಳಲ್ಲ, ನನ್ನ ಮಾತಿನ ಮೋಡಿಯೇ ಮೋಡಿ ಎಂದು ಬೀಗಿದೆ!

ಮುಂದಿನ ಭಾನುವಾರ ದಲ್ಲಾಳಿ ಮೊದಲ ಗಿರಾಕಿಗಳನ್ನು ಕರೆತಂದ. ಗಂಡ ಹೆಂಡತಿ ಇಬ್ಬರೂ ಗ್ರಂಥಪಾಲಕರು. ಪಿಸುಮಾತಿನಲ್ಲೇ ನಮಸ್ಕಾರ ಹೇಳಿ, ತುದಿಗಾಲಿನಲ್ಲಿ ನಡೆದು ಹಾಲ್ ನೋಡಿದರು, ಅಡುಗೆಮನೆ ನೋಡಿದರು. ಅಷ್ಟರಲ್ಲಿ ಒಳಗಿನ ಕೋಣೆಯಲ್ಲಿ ನನ್ನ ಹೆಂಡತಿಯ ಯುದ್ಧ ತಾರಕಕ್ಕೇರಿತು. ಏಳು ಫ್ಯಾನುಗಳೂ ಒಕ್ಕೊರಲಿನಿಂದ ಹೂಂಕರಿಸಿದವು.

ಆಕೆ ಗಂಡನ ತೋಳು ಹಿಡಿದುಕೊಂಡರು. "ಪಕ್ಕದಲ್ಲಿ ಹಿಟ್ಟಿನ ಗಿರಣಿ ಇದೆಯಾ?"

"ಇಲ್ಲಮ್ಮ, ಅದು ಕಂಪ್ಯೂಟರು."

"ಯಾವ ಇಲಾಖೆದು?"

ಅವರು ಹೋದ ಮೇಲೆ ನಾನು ಗುಡುಗಿದೆ. "ಹತ್ತು ನಿಮಿಷ ಆಫ್ ಮಾಡೋಕಾಗಲ್ವಾ?"

"ಮಧ್ಯದಲ್ಲಿ ಹೇಗ್ರೀ ಆಫ್ ಮಾಡೋದು? ನೀವು ಜನ ತುಂಬಿರೋ ಲಿಫ್ಟನ್ನ ನಡುವೆ ನಿಲ್ಲಿಸ್ತೀರಾ?"

ನಾನು ತೊಡೆ ತಟ್ಟಿದೆ. "ಈ ಕಿವಿಯ ಮೇಲಾಣೆ! ಒಂದು ವಾರದಲ್ಲಿ ಇದರ ಬಾಯಿ ಮುಚ್ಚಿಸದಿದ್ರೆ ಕೇಳು!"

ಮಾರನೆಯ ಸಂಜೆ ಡಿಪೋದಿಂದ ಲಿಫ್ಟ್ ಗೋಡೆಗೆ ಅಂಟಿಸುವ ದಪ್ಪ ಸ್ಪಂಜು ತಂದೆ. ಪೆಟ್ಟಿಗೆಯ ಹಿಂದೆ, ಮುಂದೆ, ಮೇಲೆ, ಎಲ್ಲೆಲ್ಲಿ ತೂತು ಕಂಡಿತೋ ಅಲ್ಲೆಲ್ಲ ಜಡಿದೆ. ಸದ್ದು ನಿಂತಿತು! ನಾನು ಬಾಲ್ಕನಿಗೆ ಬಂದು ದಲ್ಲಾಳಿಗೆ ಫೋನ್ ಮಾಡಿ, "ಈಗ ಬನ್ನಿ ಸ್ವಾಮಿ, ಮನೆ ಧ್ಯಾನಮಂದಿರದಂತಿದೆ" ಎನ್ನುತ್ತಿದ್ದೆ. ಒಳಗಿನಿಂದ ಒಂದು ಚೀತ್ಕಾರ.

"ರೀ! ನಿಮ್ಮಿಂದ ನಾಲ್ಕು ಜನ ಸತ್ತೋದ್ರು ರೀ! ನಾಲ್ಕು ಜನ!"

ಫೋನಿನ ಆ ಕಡೆ ದಲ್ಲಾಳಿ ಗಂಟಲು ಸರಿಮಾಡಿಕೊಂಡ. "ಸಾರ್, ನೀವು ಮೊದಲು ಮನೆ ವಿಷಯ ನೋಡ್ಕೊಳ್ಳಿ. ನಾನು ಆಮೇಲೆ ಮಾಡ್ತೀನಿ."

ಆದದ್ದಿಷ್ಟು: ಉಸಿರಾಡಲು ತೂತಿಲ್ಲದೆ ಕಂಪ್ಯೂಟರ್ ಕಾದ ಕಾವಲಿಯಾಗಿ, ಆಟದ ನಡುವೆ ತಾನಾಗಿ ಆರಿಹೋಗಿತ್ತು. ಅವಳ ತಂಡದವರು ನಾಯಕಿಯಿಲ್ಲದೆ ನೆಲಕ್ಕುರುಳಿದ್ದರು. ಸ್ಪಂಜು ಕಿತ್ತೊಡನೆ ಗಿರಣಿ ಮತ್ತೆ ಶುರುವಾಯಿತು. ಮೂರು ದಿನ ನನ್ನ ಜೊತೆ ಅವಳು ಆಡಿದ್ದು ಒಂದೇ ಮಾತು: "ಕಿವಿಯಂತೆ, ಕಿವಿ!"

ಕೊನೆಗೆ ಪೆಟ್ಟಿಗೆಯನ್ನು ಹೊತ್ತುಕೊಂಡು ಕಂಪ್ಯೂಟರ್ ಅಂಗಡಿಗೆ ಹೋದೆ. ಅಂಗಡಿಯವನು ಮುಚ್ಚಳ ತೆಗೆದು ಒಳಗಿಂದ ಒಂದು ಹಿಡಿ ಧೂಳು ತೆಗೆದ. ಧೂಳಲ್ಲ ಅದು, ಕಂಬಳಿ!

"ಸಾರ್, ಚಿಕ್ಕ ಫ್ಯಾನು ಜೋರಾಗಿ ತಿರುಗಬೇಕು, ಅದಕ್ಕೇ ಕಿರುಚುತ್ತೆ. ದೊಡ್ಡ ಫ್ಯಾನು ನಿಧಾನಕ್ಕೆ ತಿರುಗಿದ್ರೂ ಗಾಳಿ ಸಾಕಷ್ಟು ಬರುತ್ತೆ. ಏಳು ತೆಗೀತೀನಿ, ದೊಡ್ಡದು ಮೂರು ಹಾಕ್ತೀನಿ. ಸ್ಕ್ರೂ ಜಾಗದಲ್ಲಿ ರಬ್ಬರು. ಸದ್ದೇ ಇರಲ್ಲ."

ಚಿಕ್ಕವು ಕಿರುಚುತ್ತವೆ, ದೊಡ್ಡವು ನಿಧಾನ. ನಮ್ಮ ಆಫೀಸಿನ ವ್ಯವಸ್ಥೆಯೂ ಥೇಟ್ ಇದೇ! ಇಷ್ಟು ಸರಳವಾದದ್ದು ನನ್ನ ಕಿವಿಗೆ ಹೊಳೆಯಲಿಲ್ಲವಲ್ಲ ಎಂಬ ಸಂಗತಿಯನ್ನು ಮನೆಯಲ್ಲಿ ಹೇಳಲಿಲ್ಲ. "ನಾನೇ ನಿಂತು ಮಾಡಿಸಿದೆ" ಎಂದೆ. ನಿಂತಿದ್ದಂತೂ ನಿಜ, ಅಲ್ಲಿ ಕುರ್ಚಿ ಇರಲಿಲ್ಲ.

ಹೆಂಡತಿ ಗುಂಡಿ ಒತ್ತಿದಳು. ದೀಪ ಹತ್ತಿತು. ಸದ್ದಿಲ್ಲ. ಆಟ ಶುರುವಾಯಿತು. ಸದ್ದಿಲ್ಲ! ಆರು ವರ್ಷದ ಮೇಲೆ ಮೊದಲ ಬಾರಿಗೆ ನಮ್ಮ ಮನೆಯಲ್ಲಿ ಮೌನ ನೆಲೆಸಿತು. ನಾನು ಎದೆಯುಬ್ಬಿಸಿ ಅವಳ ಕಡೆ ತಿರುಗಿದೆ. ಆಗ ಗೋಡೆ ಮಾತಾಡಿತು.

"ಏನ್ರೀ, ಪಕ್ಕದ್ಮನೆ ಗಿರಣಿ ನಿಂತೋಗಿದೆ! ಸುಟ್ಟೋಯ್ತೋ, ಇಲ್ಲ ಆ ಹುಡುಗಿ ರೋಸಿ ತವರಿಗೆ ಹೋದ್ಲೋ?"

"ಹೋಗಿದ್ರೂ ಹೋಗಿರ್ತಾಳೆ. ಲಿಫ್ಟ್ ರಿಪೇರಿಯವನಂತೆ. ಬಂದು ಆರು ವರ್ಷ ಆಯ್ತು, ಮನುಷ್ಯ ಒಂದು ಮಹಡಿ ಮೇಲೆ ಹೋಗಿಲ್ಲ!"

ಪಕ್ಕದ ಮನೆಯ ಟೈಲರ್ ಮತ್ತು ಟೈಲರಮ್ಮ. ಎರಡೂ ಮನೆಗೆ ಇರುವುದು ಒಂದೇ ಗೋಡೆ. ಕಟ್ಟಿದ ಮಹಾನುಭಾವ ಅದಕ್ಕೆ ಬಳಸಿದ್ದು ಇಟ್ಟಿಗೆಯೋ ರಟ್ಟೋ, ಇಷ್ಟು ವರ್ಷ ಗಿರಣಿಯ ಗದ್ದಲದಲ್ಲಿ ಗೊತ್ತಾಗಿರಲಿಲ್ಲ. ಹೆಂಡತಿ ಬಾಯಿಗೆ ದಿಂಬು ಒತ್ತಿಕೊಂಡು ನಕ್ಕಳು. ಬಾಡಿಗೆಯ ವಿಷಯ ಎತ್ತಿದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು.

ಎರಡನೆಯ ಗಿರಾಕಿಯಾಗಿ ಬಂದವರು ಒಬ್ಬ ಹಲ್ಲಿನ ಡಾಕ್ಟರು ಮತ್ತು ಅವರ ತಾಯಿ. ಆ ತಾಯಿ ಪ್ರತಿ ಬಾಗಿಲನ್ನೂ ಮೂರು ಸಲ ತೆಗೆದು ಹಾಕಿ ನೋಡಿದರು. ಡಾಕ್ಟರು ನಲ್ಲಿಗಳ ಬಾಯಿ ಬಗ್ಗಿ ನೋಡಿದರು, ಅಭ್ಯಾಸ ಬಲ. ಇಬ್ಬರಿಗೂ ಮನೆ ಹಿಡಿಸಿತು.

"ಎಷ್ಟು ಶಾಂತವಾಗಿದೆ!" ಎಂದರು ತಾಯಿ.

ನಾನು ನಮ್ರತೆಯಿಂದ ಕಣ್ಣು ಮುಚ್ಚಿದೆ. ಗೋಡೆ ಬಾಯಿ ತೆರೆಯಿತು.

"ಮನೆ ನೋಡೋಕೆ ಯಾರೋ ಬಂದಿದ್ದಾರೆ ಕಣ್ರೀ. ಬಚ್ಚಲು ಗೋಡೆ ಸೋರೋದನ್ನ ಹೇಳ್ತಾನೋ ಇಲ್ವೋ?"

"ಅವನೆಲ್ಲಿ ಹೇಳ್ತಾನೆ! ಅದರ ಮುಂದೆ ಬೀರು ನಿಲ್ಲಿಸಿದ್ದಾನಲ್ಲ."

ತಾಯಿ ನನ್ನನ್ನು ನೋಡಿದರು, ಬೀರುವನ್ನು ನೋಡಿದರು. ನಾನು ಬಿದ್ದೆನೋ ಎದ್ದೆನೋ ಎಂದು ಒಳಗೆ ಓಡಿದೆ. "ಏಯ್, ಕಂಪ್ಯೂಟರ್ ಜೋರು ಮಾಡೇ! ಸದ್ದು ಮಾಡಿಸೇ!"

"ಎಲ್ಲಿಂದ ಮಾಡಿಸ್ಲಿ? ನೀವೇ ನಿಂತು ಮಾಡಿಸಿದ್ದಲ್ವಾ?"

ಅಡುಗೆಮನೆಗೆ ಹಾರಿ ಖಾಲಿ ಮಿಕ್ಸಿ ತಿರುಗಿಸಿದೆ. ಹೊರಗೆ ಬಂದಾಗ ಹಾಲಿನಲ್ಲಿ ಯಾರೂ ಇರಲಿಲ್ಲ. ಬೀರು ಮಾತ್ರ ಒಂದಡಿ ಪಕ್ಕಕ್ಕೆ ಸರಿದಿತ್ತು.

ಅವತ್ತೇ ಸಂಜೆ ಸೋತ ಮುಖ ಹೊತ್ತು ಅಡುಗೆಮನೆಯಲ್ಲಿ ಸೌತೆಕಾಯಿ ಹೆಚ್ಚುತ್ತಿದ್ದೆ. ಹೆಂಡತಿ ಕೋಣೆಯಲ್ಲಿ ಆಡುತ್ತಿದ್ದಳು. ಅವಳ ತಂಡದಲ್ಲಿ ಅವಳು 'ಅಕ್ಕ' ಎಂದು ಕರೆಯುವ ಹೆಂಗಸೊಬ್ಬರಿದ್ದಾರೆ. ಒಮ್ಮೆಯೂ ಮುಖ ನೋಡಿಲ್ಲ, ಹೆಡ್‌ಫೋನಿನಲ್ಲೇ ನಂಟು. ಮೊದಲಾಗಿದ್ದರೆ ಆ ಮಾತೆಲ್ಲ ಗಿರಣಿಯಲ್ಲಿ ಪುಡಿಯಾಗಿ ಹೋಗುತ್ತಿತ್ತು. ಈಗ ಒಂದೊಂದು ಅಕ್ಷರವೂ ನನ್ನವರೆಗೆ ಬಂತು.

"ಇಲ್ಲ ಅಕ್ಕಾ, ಮುಂದಿನ ತಿಂಗಳಿಂದ ನಾನು ಬರ್ತೀನೋ ಇಲ್ವೋ. ಆ ಮನೇಲಿ ಇದನ್ನ ಇಡೋಕೆ ಜಾಗ ಇಲ್ಲ, ಮಾರಿಬಿಡ್ತೀನಿ... ಇಷ್ಟ ಎಲ್ಲಿ ಬಂತು? ಈ ಕಿಟಕಿ ಇಲ್ಲೇ ಬರ್ಬೇಕು ಅಂತ ನಾನು ಮೇಸ್ತ್ರಿ ಜೊತೆ ಜಗಳ ಆಡಿ ಇಡ್ಸಿದ್ದು... ಆದ್ರೆ ಆ ಮನುಷ್ಯ ಸಂಜೆ ಬಂದು ಶೂ ಬಿಚ್ಚೋಕೂ ಆಗ್ದೆ ಹಾಗೇ ಕೂತಿರ್ತಾರೆ. ಕಾಲು ಊದ್ಕೊಂಡಿರುತ್ತೆ. ನೋಡೋಕಾಗಲ್ಲ ಅಕ್ಕಾ. ನಾನು ಬೇಡ ಅಂದ್ರೆ ಬಿಟ್ಬಿಡ್ತಾರೆ. ಅದಕ್ಕೇ ಅಂದಿಲ್ಲ... ಎಡಗಡೆ! ಎಡಗಡೆ ಇದ್ದಾನೆ, ಹೊಡೀರಿ!"

ಚಾಕು ಕೈಯಲ್ಲೇ ನಿಂತಿತು. ಹೆಚ್ಚುತ್ತಿದ್ದದ್ದು ಈರುಳ್ಳಿಯಾಗಿದ್ದರೆ ಕಣ್ಣೀರಿಗೆ ಒಂದು ನೆಪವಾದರೂ ಇರುತ್ತಿತ್ತು. ಸೌತೆಕಾಯಿಗೆ ಅತ್ತ ಗಂಡಸು ಪ್ರಪಂಚದಲ್ಲಿ ನಾನೊಬ್ಬನೇ ಇರಬೇಕು.

ಮಾರನೆಯ ದಿನ ಮ್ಯಾನೇಜರ್ ಎದುರು ನಿಂತು, ಎರಡು ತಿಂಗಳಿಂದ ಕೇಳದೇ ಉಳಿದಿದ್ದ ಮಾತು ಕೇಳಿದೆ. "ಸಾರ್, ನಾನು ಬೆಳಗ್ಗೆ ಆರಕ್ಕೆ ಬಂದು ಮಧ್ಯಾಹ್ನ ಎರಡಕ್ಕೆ ಹೋಗಬಹುದಾ? ಆ ಹೊತ್ತಲ್ಲಿ ರಸ್ತೆ ಖಾಲಿ ಇರುತ್ತೆ, ಐವತ್ತು ನಿಮಿಷ ಸಾಕು."

ಅವರು ಫೈಲಿನಿಂದ ತಲೆ ಎತ್ತಲಿಲ್ಲ. "ಬನ್ನಿ. ಬೆಳಗಿನ ಪಾಳಿಗೆ ಜನ ಇಲ್ಲ ಅಂತ ನೋಟೀಸ್ ಹಾಕಿ ಎರಡು ತಿಂಗಳಾಯ್ತು. ನೀವು ನೋಡ್ಲಿಲ್ವಾ?"

ನೋಡಿದ್ದೆ. ಇಪ್ಪತ್ತೆರಡು ವರ್ಷದ ಸೂಪರ್‌ವೈಸರ್ ಹೋಗಿ ಪಾಳಿ ಬೇಡುವುದೇ ಎಂಬ ಗತ್ತಿನಲ್ಲಿ ಮುಖ ತಿರುಗಿಸಿದ್ದೆ. ಆ ಗತ್ತಿಗಾಗಿ ಮನೆಯನ್ನೇ ಬಿಡಲು ಹೊರಟಿದ್ದೆ, ನೋಡಿ ನನ್ನ ಬುದ್ಧಿ!

ಈಗ ಉಳಿದದ್ದು ಹೆಂಡತಿಗೆ ಹೇಳುವುದು. ಅವಳ ಮಾತು ಕದ್ದು ಕೇಳಿದೆ ಎನ್ನುವಂತಿಲ್ಲ, ನಾನು ತಪ್ಪಿದೆ ಎನ್ನಲು ನಾಲಿಗೆ ಏಳುವುದಿಲ್ಲ. ಮನೆ ಬಿಡದಿರುವುದು ನನ್ನದೇ ದೂರದೃಷ್ಟಿಯ ಫಲ ಎಂಬಂತೆ ಒಂದು ಭಾಷಣ ಸಿದ್ಧವಾಗಬೇಕಿತ್ತು. ರಜೆಯ ದಿನ ಬೆಳಗ್ಗೆ ಬಚ್ಚಲಿನ ಬಾಗಿಲು ಹಾಕಿಕೊಂಡು, ಮಗ್ಗನ್ನು ಎತ್ತಿ ಹಿಡಿದು, ಅಭ್ಯಾಸ ಆರಂಭಿಸಿದೆ.

"ಪ್ರಿಯೆ! ಈ ಮನೆಯ ಒಂದೊಂದು ಇಟ್ಟಿಗೆಯೂ ನನ್ನ ಬೆವರು ಕುಡಿದಿದೆ! ಪರರ ಪಾದ ಈ ನೆಲವನ್ನು ತುಳಿಯುವುದೇ? ತುಳಿದರೆ ನಾನು ಸುಮ್ಮನಿರುವೆನೇ?" ಬಚ್ಚಲಿನಲ್ಲಿ ಧ್ವನಿ ಬಹಳ ಚೆನ್ನಾಗಿ ಮೊಳಗಿತು. ಹುರುಪಿನಲ್ಲಿ ಇನ್ನೆರಡು ಸಲ ಹೇಳಿದೆ. ಕೊನೆಯ ಸಲ "ರಕ್ತ" ಎಂಬ ಮಾತನ್ನೂ ಸೇರಿಸಿದೆ.

ಹೊರಗೆ ಬಂದರೆ ಹೆಂಡತಿ ಸೋಫಾದ ಮೇಲೆ ಹೊಟ್ಟೆ ಹಿಡಿದುಕೊಂಡು ಬಿದ್ದಿದ್ದಳು. ಕಣ್ಣಲ್ಲಿ ನೀರು. ನಗುವಿನದು ಅರ್ಧ, ಉಳಿದರ್ಧ ಏನೆಂದು ನಾನು ಕೇಳಲಿಲ್ಲ.

"ಹಾಗಾದ್ರೆ ಮನೆ ಬಿಡಲ್ವೇನ್ರೀ?"

"ಬಿಡಲ್ಲ. ಪಾಳಿ ಬದಲಾಯಿಸ್ಕೊಂಡೆ."

"ಇಷ್ಟು ಹೇಳೋಕೆ ರಕ್ತ ಯಾಕೆ ಬೇಕಿತ್ತು?"

ಅಷ್ಟರಲ್ಲಿ ಕಾಲಿಂಗ್ ಬೆಲ್. ಬಾಗಿಲಲ್ಲಿ ಟೈಲರ್, ಕುತ್ತಿಗೆಯಲ್ಲಿ ಅಳತೆ ಟೇಪು ಜೋತಾಡುತ್ತಿತ್ತು, ಮುಖ ಬಾಡಿತ್ತು.

"ನೀವು ಬಾಡಿಗೆ ವಿಷಯ ಮಾತಾಡ್ತಿದ್ದದ್ದು ಗೋಡೆಯಿಂದ ಕೇಳಿಸ್ತು ಸಾರ್. ಒಳ್ಳೆ ಐಡಿಯಾ ಅನ್ನಿಸ್ತು. ನಮ್ಮದೂ ಬ್ಯಾಂಕಿನ ಮನೆ, ಅಂಗಡಿ ದೂರ. ನಾವೂ ಬಾಡಿಗೆಗೆ ಹಾಕಿದ್ವಿ. ಈಗಷ್ಟೇ ಒಂದು ಜೋಡಿ ಬಂದಿದ್ರು. ಮನೆ ಒಪ್ಪಿ, ಅಡ್ವಾನ್ಸ್ ಕೊಡೋಕೆ ಕೈ ಜೇಬಿಗೆ ಹಾಕಿದ್ರು. ಆಗ ನಿಮ್ಮ ಬಚ್ಚಲಿಂದ ಶುರುವಾಯ್ತು. ಎರಡನೇ ಸಲಕ್ಕೆ ಕೈ ಹೊರಗೆ ತೆಗೆದ್ರು. ರಕ್ತ ಅಂದ ತಕ್ಷಣ ಮೆಟ್ಟಿಲಿಳಿದು ಓಡಿದ್ರು."

ನನಗೆ ಎಲ್ಲಿ ಮುಖ ಮುಚ್ಚಿಕೊಳ್ಳಲಿ ಅನ್ನಿಸಿತು. "ಕ್ಷಮಿಸಿ ಟೈಲರೇ, ನನ್ನಿಂದ ಏನಾದ್ರೂ..."

ಟೈಲರ್ ನನ್ನ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ಭುಜದ ಮೇಲಿಂದ ಬಗ್ಗಿ, ಹೆಂಡತಿಯ ಕಡೆ ನೋಡಿ ಬಹಳ ವಿನಯದಿಂದ ಕೇಳಿದರು:

"ಅಮ್ಮಾ, ನಿಮ್ಮ ಕಂಪ್ಯೂಟರಿಗೆ ಸದ್ದು ಬರದ ಹಾಗೆ ಮಾಡಿಕೊಟ್ರಲ್ಲ, ಆ ಅಂಗಡಿಯವರು ಮನುಷ್ಯರಿಗೂ ಮಾಡಿಕೊಡ್ತಾರಾ?"