ನಾಚುವ ಕತ್ತೆಯ ಮಂಜೂರಾತಿ

ಬನ್ನಿ, ಕೈಕೆಲಸ ಅತ್ಲಾಗಿಟ್ಟು ಗೋಡೆಗೊರಗಿ ಕೂತ್ಕೊಳ್ಳಿ. ನಡುವೆ ಯಾರೂ ಬಾಯಿ ಹಾಕಬೇಡಿ. ಎಳೆ ತಪ್ಪಿದರೆ ಪುಟ ತಿರುವಿ ನೋಡೋಣ ಅನ್ನೋಕೆ ನನಗೆ ಓದು ಬರಲ್ಲ.

ನಮ್ಮೂರಲ್ಲಿ ಇಲ್ಲದ ಆಯುಧಗಳಿಗೆಂದೇ ಒಂದು ಕಚೇರಿ ಇದೆ. ಅದರ ಹೆಸರು ಕಲ್ಪಿತ ಆಯುಧಗಳ ನೋಂದಣಿ ಕಚೇರಿ. ಇರುವ ಆಯುಧಗಳಿಗೂ ಒಂದು ಕಚೇರಿ ಇತ್ತಂತೆ, ಬಾಗಿಲು ಹಾಕಿ ಬಹಳ ದಿನ ಆಯಿತು. ಇದು ಮಾತ್ರ ಹತ್ತು ಗಂಟೆಗೆ ಸರಿಯಾಗಿ ತೆಗೆಯುತ್ತೆ. ಬಾಗಿಲ ಮೇಲೆ ಹೀಗೊಂದು ಹಲಗೆ: "ಇಲ್ಲದ ಆಯುಧಗಳಿಂದ ಇಲ್ಲದ ಜನರಿಗೆ ಉಂಟಾಗಬಹುದಾದ ಗಾಯಗಳನ್ನು ತಡೆಗಟ್ಟುವುದೇ ನಮ್ಮ ಧ್ಯೇಯ."

ಅದನ್ನ ನನಗೆ ಓದಿ ಹೇಳಿದವಳು ನನ್ನ ಮೊಮ್ಮಗಳು. ಪಾತ್ರ ಕಟ್ಟಿಕೊಂಡು ಆಡುವ ಆಟದ ಪುಸ್ತಕ ಮಾಡುವ ಕಂಪನಿಯಲ್ಲಿ ಅವಳಿಗೆ ಕೆಲಸ. ನಾಲ್ಕು ಜನ ಮೇಜಿನ ಸುತ್ತ ಕೂರ್ತಾರೆ, ಒಬ್ಬ ನಾನು ದಳಪತಿ ಅಂತಾನೆ, ಇನ್ನೊಬ್ಬಳು ನಾನು ಮಾಟಗಾತಿ ಅಂತಾಳೆ, ದಾಳ ಉರುಳಿಸಿ ಕಾಗದದ ಮೇಲೆ ಹೊಡೆದಾಡ್ತಾರೆ. ಸತ್ತವನು ಎದ್ದು ಟೀ ಕಾಯಿಸ್ತಾನೆ. ಅಂಥ ಆಟಕ್ಕೆ ಯಾರೂ ಕಂಡು ಕೇಳದ ಆಯುಧ ಹುಡುಕಿ ಕೊಡೋದು ಇವಳ ಪಾಲಿನದು. ಆರು ತಿಂಗಳು ಪರೀಕ್ಷೆಗೆ ಇಟ್ಟುಕೊಂಡಿದ್ದರು. ಅಷ್ಟರೊಳಗೆ ಒಂದಾದರೂ ಆಯುಧ ಈ ಕಚೇರಿಯಲ್ಲಿ ಮಂಜೂರಾಗಬೇಕು, ಆಗಲಿಲ್ಲ ಅಂದರೆ ಮನೆಗೆ.

ಐದು ತಿಂಗಳಲ್ಲಿ ಹದಿಮೂರು ವಾಪಸ್ ಬಂದವು. ಆಕಳಿಕೆ ಬಾಂಬಿನ ಮೇಲೆ ಬರೆದಿದ್ದರು: "ಪರಿಶೀಲನೆಯ ವೇಳೆ ಸಿಬ್ಬಂದಿ ನಿದ್ರಿಸಿದರು. ಆದರೆ ಅದು ಆಯುಧದ ಪರಿಣಾಮವೆಂದು ಸಾಬೀತಾಗಿಲ್ಲ." ಅತ್ತೆಯ ನಿಟ್ಟುಸಿರು ಅನ್ನೋದರ ಮೇಲೆ: "ಈಗಾಗಲೇ ವ್ಯಾಪಕ ಬಳಕೆಯಲ್ಲಿದೆ. ಹೊಸದಲ್ಲ."

ಕೊನೆಗೆ ಹೊಳೆದದ್ದು ನಾಚುವ ಕತ್ತಿ. ಎದುರಾಳಿ ದಿಟ್ಟಿಸಿದರೆ ನಾಚಿ ಒರೆ ಸೇರಿಕೊಳ್ಳುತ್ತೆ, ಹೊಗಳಿದರೆ ಹೊರಗೆ ಬರುತ್ತೆ. ಅದರ ಚಿತ್ರ ಬರೆದು ನನಗೆ ತೋರಿಸುವಾಗ ಹುಡುಗಿ ಮುಖ ನೋಡಬೇಕಿತ್ತು.

ಅರ್ಜಿಯನ್ನ ಕಚೇರಿಯಲ್ಲೇ ಬೆರಳಚ್ಚು ಮಾಡಬೇಕು, ಅದು ನಿಯಮ. ಅಲ್ಲಿನ ಯಂತ್ರದಲ್ಲಿ ಗುಡಿಸಿನ ಕೀಲಿ ಆಗಾಗ ಮುಷ್ಕರ ಹೂಡುತ್ತೆ. ಗುಡಿಸು ಅಂದರೆ ಅಕ್ಷರದ ತಲೆ ಮೇಲಿನ ಮುಡಿಯಂತೆ. ಆಗೆಲ್ಲ ಗುಮಾಸ್ತರು ಪಕ್ಕದ ಎತ್ವ ಒತ್ತಿ ಮುಂದೆ ಹೋಗ್ತಾರೆ. ಹಾಗೆ ಹೋದರು. ಮೊಮ್ಮಗಳ ಕೈಗೆ ಬಂದ ರಸೀದಿಯಲ್ಲಿ "ನಾಚುವ ಕತ್ತೆ, ಒಂದು" ಅಂತಿತ್ತು.

"ಸ್ವಾಮಿ, ನಾನು ಹೇಳಿದ್ದು ಕತ್ತಿ."

"ಇರಬಹುದು ತಾಯಿ. ದಾಖಲಾಗಿರೋದು ಕತ್ತೆ."

"ತಿದ್ದಿಬಿಡಿ, ಒಂದು ಗುಡಿಸು ತಾನೇ."

"ಯಾರು ಬೇಡ ಅಂದರು? ನೋಂದಣಿ ಆದ ಮೇಲೆ ತಿದ್ದುಪಡಿಗೆ ಅರ್ಜಿ ಹಾಕಿ. ನೋಂದಣಿ ಆಗೋದು ಮಾದರಿ ನೋಡಿದ ಮೇಲೆ. ಶುಕ್ರವಾರ ತನ್ನಿ."

"ಇಲ್ಲದ ಆಯುಧಕ್ಕೆ ಮಾದರಿ ಎಲ್ಲಿಂದ ತರಲಿ?"

"ಇಲ್ಲದ್ದಕ್ಕೆ ಮಾದರಿ ಬೇಡ, ನಾಲ್ಕನೇ ನಿಯಮ ಓದಿ. ಕತ್ತಿ ಆಗಿದ್ದರೆ ಬೇಡವಾಗಿತ್ತು. ಕತ್ತೆ ಇದೆಯಲ್ಲ ತಾಯಿ, ಲೋಕದಲ್ಲಿ."

ಆರು ತಿಂಗಳು ಮುಗಿಯೋದೂ ಅದೇ ಶುಕ್ರವಾರ. ಹುಡುಗಿ ಮನೆಗೆ ಬಂದು ಚಪ್ಪಲಿ ಕೂಡ ಬಿಚ್ಚದೆ ಕೂತಳು.

"ಕೆಲಸ ಆಗಬೇಕಾದರೆ ಕತ್ತೆ ಕಾಲಾದರೂ ಹಿಡಿ ಅಂತಾರೆ," ಅಂದೆ. "ಬೇರೆಯವರು ಮನುಷ್ಯರ ಕಾಲು ಹಿಡಿಯೋ ಕಡೆ ನಿನಗೆ ಕತ್ತೆಯದೇ ಸಿಕ್ಕಿದೆ. ಏಳು."

ಹಿಂದಿನ ಬೀದಿಯಲ್ಲಿ ಕಟ್ಟಡಗಳಿಗೆ ಕತ್ತೆ ಮೇಲೆ ಇಟ್ಟಿಗೆ ಹೊರಿಸುವಾಕೆ ಇದ್ದಾಳೆ. ಕೇಳಿದ ಕೂಡಲೇ ಒಪ್ಪಿದಳು. "ನಾನೇ ಹಿಡ್ಕೊಂಡು ಬರ್ತೀನಿ ಮಗಳೇ. ಆದರೆ ಅದು ನಾಚಿದ್ದನ್ನ ನಾನಂತೂ ಕಂಡಿಲ್ಲ. ಅದರ ಮುಂದೆ ನಾನೇ ಎಷ್ಟೋ ಸಲ ನಾಚಿದೀನಿ."

ಶುಕ್ರವಾರ ಕತ್ತೆ ಮೆಟ್ಟಿಲು ಹತ್ತಿ, ಬೆಂಚುಗಳ ನಡುವೆ ಹಾದು, ಸಾಹೇಬರ ಕೋಣೆಗೆ ಬಂತು. ಬರುವವರು ಹೋಗುವವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಗುಮಾಸ್ತರು ನಮೂನೆ ಬಿಚ್ಚಿದರು.

"ಅಲಗು ಎಷ್ಟು?"

"ಎರಡು," ಅಂದಳು ಇಟ್ಟಿಗೆಯಾಕೆ. "ಮುಂದೆ ಕಚ್ಚುತ್ತೆ, ಹಿಂದೆ ಒದೆಯುತ್ತೆ."

ಎರಡಲಗಿನದು ಅಂತ ಬರೆದುಕೊಂಡರು.

"ಹಿಡಿ?"

"ಬಾಲ ಇದೆ. ಹಿಡಿದವರು ಎರಡನೇ ಸಲ ಹಿಡಿದಿಲ್ಲ."

ಒಮ್ಮೆ ಮಾತ್ರ ಬಳಸತಕ್ಕದ್ದು ಅಂತ ಬರೆದುಕೊಂಡರು.

"ಮಸೆಯುವ ವಿಧಾನ?"

"ಬೆನ್ನು ಕಡಿದಾಗ ಗೋಡೆಗೆ ತಾನೇ ಮಸ್ಕೊಳ್ಳುತ್ತೆ ಸ್ವಾಮಿ."

ಆಮೇಲೆ ನಾಚಿಕೆಯ ಪರೀಕ್ಷೆ. ಸಾಹೇಬರು ಕನ್ನಡಕ ಏರಿಸಿ ಕತ್ತೆಯನ್ನ ದಿಟ್ಟಿಸಿದರು. ಕತ್ತೆ ಸಾಹೇಬರನ್ನ ದಿಟ್ಟಿಸಿತು. ಹನ್ನೆರಡು ನಿಮಿಷ ಆದ ಮೇಲೆ ಸಾಹೇಬರು ಕಣ್ಣು ತಗ್ಗಿಸಿದರು. "ನಾಚಿಕೆ ಉಂಟಾಗಿದೆ" ಅಂತ ದಾಖಲಾಯಿತು. ಯಾರಿಗೆ ಅನ್ನೋ ಕಲಂ ನಮೂನೆಯಲ್ಲಿ ಇರಲಿಲ್ಲ.

ಉಳಿದದ್ದು ಹೊಗಳಿಕೆ. ಅದಕ್ಕೆ ಕಚೇರಿಯ ಸಿಬ್ಬಂದಿ ಪೂರಾ ಸಾಲಾಗಿ ನಿಂತಿತು. ಅವರಿಗೆ ಈ ಕೆಲಸ ಹೊಸದೇನಲ್ಲ.

"ಇಂಥ ಗಾಂಭೀರ್ಯ ಈ ಕಚೇರಿ ಹಿಂದೆ ಕಂಡಿಲ್ಲ."

"ಎಷ್ಟು ಹೊರೆ ಬಿದ್ದರೂ ಮುಖದಲ್ಲಿ ಬೇಸರ ಇಲ್ಲ."

"ಆ ದನಿ ಎದ್ದರೆ ಸಾಕು, ಕಡತಗಳೇ ಎದ್ದು ನಿಲ್ಲುತ್ತವೆ."

ಕತ್ತೆ ನಿಂತಲ್ಲೇ ನಿಂತು ತಿದ್ದುಪಡಿ ಅರ್ಜಿಗಳ ಕಟ್ಟನ್ನ ಮೇಯುತ್ತಿತ್ತು. ಸಾಹೇಬರು ಮಾತ್ರ ಎದೆ ಮೇಲೆ ಕೈಯಿಟ್ಟುಕೊಂಡು ಎರಡು ಹೆಜ್ಜೆ ಮುಂದೆ ಬಂದರು.

"ಎರಡು ಹೆಜ್ಜೆ ಮುಂದೆ ಬಂದಿದೆ," ಅಂತ ಗುಮಾಸ್ತರು ಗಟ್ಟಿಯಾಗಿ ಓದಿ ಬರೆದರು. ಆಮೇಲೆ ಮೊಮ್ಮಗಳ ಕಡೆ ತಿರುಗಿದರು. "ಅರ್ಜಿದಾರರ ಆಕ್ಷೇಪಣೆ ಏನಾದರೂ ಇದೆಯೇ?"

ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷ ಇತ್ತು. ಅವಳ ಕೈಯಲ್ಲಿ ಕತ್ತಿಯ ಚಿತ್ರ. ಆ ಒರೆಯ ಮೇಲಿನ ಬಳ್ಳಿಯೊಂದನ್ನೇ ಮೂರು ದಿನ ಬರೆದಿದ್ದಳು. ಒಂದು ಸಲ ನೋಡಿದಳು, ನಾಲ್ಕಾಗಿ ಮಡಚಿದಳು.

"ಇಲ್ಲ ಸ್ವಾಮಿ," ಅಂದಳು. ಮೊಹರು ಬಿತ್ತು.

ಪುಸ್ತಕ ಅಚ್ಚಾಯಿತು. ಆಟ ಆಡುವವರು ಒಂದು ವಾರ ತಲೆ ಕೆರೆದುಕೊಂಡರು, ಎರಡನೇ ವಾರ ಕತ್ತೆ ಹಿರಿದರು. ಈಗ ಮನೆಮನೆಯಲ್ಲೂ ದಳಪತಿ ಕತ್ತೆ ಝಳಪಿಸ್ತಾನೆ, ಮಾಟಗಾತಿ ಬೆನ್ನ ಹಿಂದೆ ಕತ್ತೆ ಮಸೀತಾಳೆ. ಬೀದಿಯಲ್ಲಿ ಪ್ರಕಟಣೆ ಅಂಟಿಸಿದ್ದಾರೆ: "ಒರೆಯಿಲ್ಲದ ಕತ್ತೆಯನ್ನು ಸಾರ್ವಜನಿಕ ಸ್ಥಳಗಳಿಗೆ ತರುವುದನ್ನು ನಿಷೇಧಿಸಲಾಗಿದೆ." ಜನ ಓದ್ತಾರೆ, ಹೌದು ಅಪಾಯ ಅಂತಾರೆ.

ಇನ್ನು ಯಾರು ಏನಾದರು ಅಂತ ಹೇಳಿಬಿಡ್ತೀನಿ. ಸಾಹೇಬರಿಗೆ ಬಡ್ತಿ ಬಂತು, ಒಂದೇ ಸಲಕ್ಕೆ ಎರಡು ಮೆಟ್ಟಿಲು. ಗುಮಾಸ್ತರ ಬೆರಳಚ್ಚು ಯಂತ್ರವನ್ನ ರಿಪೇರಿಗೆ ಕಳಿಸಿದ್ದರು, ದೋಷ ಕಂಡುಬಂದಿಲ್ಲ ಅಂತ ವಾಪಸ್ ಬಂದಿದೆ. ಇಟ್ಟಿಗೆಯಾಕೆಗೆ ಆಯುಧ ಹೊಂದುವ ಪರವಾನಗಿ ಸಿಕ್ಕಿತು. ಹೊರೆ ಜಾಸ್ತಿ ಹಾಕು ಅಂತಿದ್ದ ಮೇಸ್ತ್ರಿ ಈಗ ಅವಳಿಗೆ ಕುರ್ಚಿ ಹಾಕ್ತಾನೆ. ಕತ್ತೆ ಕಿವಿಯಲ್ಲಿ ನೋಂದಣಿ ಸಂಖ್ಯೆ ತೂಗಾಡಿಸಿಕೊಂಡು ಇಟ್ಟಿಗೆ ಹೊರುತ್ತಿದೆ.

ಮೊಮ್ಮಗಳ ಕೆಲಸ ಕಾಯಂ ಆಯಿತು. ಕಿಟಕಿ ಪಕ್ಕ ಸ್ವಂತ ಮೇಜು ಕೊಟ್ಟಿದ್ದಾರೆ. ಮೊನ್ನೆ ಅವಳಿಗೆ ರಾಶಿ ದೂರಿನ ಕಾಗದ ಬಂದವು. ಪಾಪ, ತಪ್ಪು ಒಪ್ಪಿಕೊಂಡು ತನ್ನ ಕೈಯಾರೆ ಬರೆದು ಪುಸ್ತಕದ ಮೊದಲ ಪುಟಕ್ಕೆ ಅಂಟಿಸಿದಳು, ನನಗೂ ಓದಿ ಹೇಳಿದಳು:

"ಹದಿನೇಳನೇ ಪುಟದಲ್ಲಿ 'ಕತ್ತೆ' ಎಂದಿರಬೇಕಾದ ಕಡೆ ಕಣ್ತಪ್ಪಿನಿಂದ 'ಕತ್ತಿ' ಎಂದು ಅಚ್ಚಾಗಿದೆ. ಓದುಗರಿಗೆ ಉಂಟಾದ ಗೊಂದಲಕ್ಕೆ ವಿಷಾದಿಸುತ್ತೇವೆ."