ಆಜೂರದಲ್ಲಿ ಹುಟ್ಟಿದವರು

ಕಂಪ್ಯೂಟರ್ ತಾನಾಗಿ ತಪ್ಪು ಮಾಡುವುದಿಲ್ಲ ಎಂದು ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದರು. ನಿಜ. ಶಹಾಪುರದ ಕಾಲುವೆ ಕಚೇರಿಯಲ್ಲಿ ಅದು ಒಂದು ದಿನವೂ ತಾನಾಗಿ ತಪ್ಪು ಮಾಡಲಿಲ್ಲ, ಎಲ್ಲವನ್ನೂ ನಾನೇ ಹೇಳಿ ಮಾಡಿಸಿದೆ. ಅದಕ್ಕೇ ವಾರಕ್ಕೊಂದಾದರೂ ಫಜೀತಿ ನಡೆಯುತ್ತಿತ್ತು.

ಕಾಲುವೆಗೆ ಹೊಲ ಕೊಟ್ಟವರ ಹೆಸರು, ವಯಸ್ಸು, ಸರ್ವೆ ನಂಬರು ಕಂಪ್ಯೂಟರಿಗೆ ಏರಿಸುವ ಕೆಲಸ ನನ್ನದು. ನಮ್ಮ ಸೀಮೆಯ ಹಳೆಯ ಕಾಗದವೆಲ್ಲ ನಿಜಾಮರ ಕಾಲದ್ದು. ಲಿಪಿ ಉರ್ದು, ವರ್ಷ ಕಂದಾಯದ ಲೆಕ್ಕದ ಫಸಲಿ, ತಿಂಗಳುಗಳ ಹೆಸರು ಆಜೂರ, ಬಹಮನ್, ಆಬಾನ್ ಎಂದು ಪಾರ್ಸಿ. ಅವನ್ನು ಈಗಿನ ತಾರೀಖಿಗೆ ತಿರುಗಿಸುವ ಪ್ರೋಗ್ರಾಮು ಬರೆಯುತ್ತೇನೆಂದು ಧೈರ್ಯವಾಗಿ ಒಪ್ಪಿಕೊಂಡುಬಿಟ್ಟಿದ್ದೆ. ಮೂರು ತಿಂಗಳ ಗುತ್ತಿಗೆ. ಯಾದಗಿರಿಯ ದೊಡ್ಡ ಕಚೇರಿಯ ಸಾಹೇಬರಿಗೆ ಪ್ರೋಗ್ರಾಮು ಮನಸ್ಸಿಗೆ ಬಂದರೆ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಸುರಪುರದ ಬಸ್ಸು ಹತ್ತಿ ಮನೆಗೆ. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ.

ಕೈ ಬಿಟ್ಟ ಅಕ್ಷರಗಳು

ನನಗೆ ಉರ್ದು ಒಂದಕ್ಷರವೂ ಬರುತ್ತಿರಲಿಲ್ಲ. ಪುಣ್ಯಕ್ಕೆ ಕಚೇರಿಯ ಹಿಂದಿನ ಓಣಿಯಲ್ಲಿ ರಿಟೈರಾದ ಉರ್ದು ಮಾಸ್ತರರಿದ್ದರು. ಒಂದು ಸಲ ಕೇಳಿದ್ದಕ್ಕೆ ದಿನಾ ಬರತೊಡಗಿದರು. ಆ ಉಪಕಾರವನ್ನು ನಾನು ಈಗಲೂ ಮರೆತಿಲ್ಲ.

ಮೊದಲ ದಿನ ನಾನು ಹಳೆಯ ಕಾಗದ ನೋಡಿ ಕಷ್ಟಪಟ್ಟು ಟೈಪ್ ಮಾಡಿದ ಒಂದು ಹೆಸರನ್ನು ಪರದೆಯ ಮೇಲೆ ತೋರಿಸಿದೆ. ಉರ್ದುವಿನಲ್ಲಿ ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡಿರಬೇಕು, ಬಲದಿಂದ ಎಡಕ್ಕೆ ಸಾಗಬೇಕು. ನನ್ನ ಪರದೆಯಲ್ಲಿ ಬಿಡಿಬಿಡಿಯಾಗಿ, ಎಡದಿಂದ ಬಲಕ್ಕೆ ನಿಂತಿದ್ದವು. ಮಾಸ್ತರರು ಕನ್ನಡಕ ಒರೆಸಿ ಬಹಳ ಹೊತ್ತು ನೋಡಿದರು.

"ಯಾರ ಹೆಸರ್ರೀ ಉಸ್ತಾದ್?" ಎಂದೆ.

"ಗೊತ್ತಿಲ್ಲ ಬೇಟಿ. ಸಂತ್ಯಾಗ ಮಕ್ಕಳು ಕೈ ಬಿಟ್ಟಂಗ ಆಗ್ಯಾವ. ಮೊದಲ ಎಲ್ಲಾರನ್ನೂ ಒಂದ ಕಡಿ ಹಿಡಕೊಂಡು ಬಾ, ಆಮ್ಯಾಲ ಯಾರ ಮಕ್ಕಳಂತ ಹೇಳ್ತೀನಿ."

ಕಕ್ಕೇರಾದ ಯಜಮಾನರು

ವಾರವಿಡೀ ಗುದ್ದಾಡಿ ಅಕ್ಷರ ಕೂಡಿಸಿ, ಇಡೀ ಸಾಲನ್ನೇ ತಿರುಗಿಸಿ ಸರಿಮಾಡಿದೆ. ಆದರೆ ಉರ್ದು ಬಲದಿಂದ ಹೊರಟರೂ ಅದರೊಳಗಿನ ಅಂಕಿಗಳು ನಮ್ಮವುಗಳ ಹಾಗೆ ಎಡದಿಂದಲೇ ಹೊರಡುತ್ತವೆ. ಅದು ನನಗೆ ಗೊತ್ತಿರಲಿಲ್ಲ. ಅಕ್ಷರದ ಜೊತೆ ಅಂಕಿಗಳೂ ತಿರುಗಿದವು, ಹನ್ನೆರಡು ಇಪ್ಪತ್ತೊಂದಾಯಿತು.

ಕಕ್ಕೇರಾದ ಯಜಮಾನರೊಬ್ಬರು ಪ್ರಿಂಟು ಹಿಡಿದುಕೊಂಡು ಬಂದರು. ಅವರ ಹೊಲದ ನಂಬರು ತಿರುಗಿ ಊರ ಸುಡುಗಾಡಿನ ನಂಬರಾಗಿತ್ತು. ಬೈಯುತ್ತಾರೆಂದು ನಾನು ತಲೆ ತಗ್ಗಿಸಿದೆ. ಅವರು ಸಮಾಧಾನವಾಗಿ ಕುಳಿತು ಹೇಳಿದರು:

"ಅಲ್ಲಿಗೆ ಹೋಗೂದು ಖರೆ ಅದ ತಂಗಿ, ಇಲ್ಲ ಅನ್ನಂಗಿಲ್ಲ. ಆದ್ರ ಇಷ್ಟು ಲಗೂ ಯಾಕ ಹೆಸರು ಹಚ್ಚೀರಿ? ಜ್ವಾಳದ ರಾಶಿಯರ ಮುಗೀಲಿ."

ಹಿರೇ ಸೊಸೆ

ಮುಂದಿನದು ತಾರೀಖಿನ ಫಜೀತಿ. ಫಸಲಿ ವರ್ಷ ಹುಟ್ಟುವುದೇ ಅಕ್ಟೋಬರಿನಲ್ಲಿ. ಮೊದಲ ತಿಂಗಳು ಆಜೂರ, ಕೊನೆಯದು ಆಬಾನ್. ಜನವರಿಗೆ ಹೊಸ ವರ್ಷ ನೋಡಿ ಬೆಳೆದ ನಾನು ಇಡೀ ಫಸಲಿ ವರ್ಷಕ್ಕೆ ನಡುವೆ ಬರುವ ಜನವರಿಯ ಇಸವಿಯೊಂದನ್ನೇ ಅಂಟಿಸಿದೆ. ಹೀಗಾಗಿ ಆಜೂರದಲ್ಲಿ ಹುಟ್ಟಿದವರೆಲ್ಲ ಒಂದು ವರ್ಷ ತಡವಾಗಿ ಹುಟ್ಟಿದರು.

ತಿಂಥಣಿ ಕಡೆಯ ಅಣ್ಣತಮ್ಮಂದಿರು ಒಂದೇ ಫಸಲಿ ವರ್ಷದವರು. ಅಣ್ಣ ಆಜೂರದವ, ತಮ್ಮ ಆಬಾನಿನವ. ನನ್ನ ಪ್ರೋಗ್ರಾಮು ತಮ್ಮನನ್ನು ಅಣ್ಣನನ್ನಾಗಿ ಮಾಡಿಬಿಟ್ಟಿತು. ಗಂಡಸರು ನಕ್ಕು ಸುಮ್ಮನಾದರು. ಆದರೆ ತಮ್ಮನ ಹೆಂಡತಿ ಓರಗಿತ್ತಿಯನ್ನು ಕರೆದುಕೊಂಡೇ ಕಚೇರಿಗೆ ಬಂದಳು. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ, ಅಂದರೆ ಭೂತಾಯಿಯ ನೈವೇದ್ಯ, ಚೆಲ್ಲುವ ಮಾನ ಅವರ ಮನೆಯಲ್ಲಿ ಹಿರೇ ಸೊಸೆಯದು.

"ಸರಕಾರದ ಮಷೀನ ಹೇಳ್ಯಾದ. ಈ ಅಮಾಸಿಗಿ ಚರಗ ನಾ ಚೆಲ್ತೀನಿ" ಎಂದಳು.

"ಚೆಲ್ಲವ್ವಾ" ಎಂದಳು ಓರಗಿತ್ತಿ. "ಊರ ಮಂದಿಗೆಲ್ಲ ಸಜ್ಜಿ ರೊಟ್ಟಿ ಬಡಿಯೂದೂ ಹಿರೇ ಸೊಸಿನ. ದಿನಾ ಅತ್ತಿ ಕಾಲು ಒತ್ತೂದೂ ಹಿರೇ ಸೊಸಿನ. ನನಗೂ ಕೈ ನೋಯಾಕತ್ಯಾವ."

ತಮ್ಮನ ಹೆಂಡತಿ ಒಂದು ಗಳಿಗೆ ಯೋಚಿಸಿ ನನ್ನತ್ತ ತಿರುಗಿದಳು. "ಬಾಯೋರ, ಮಷೀನ ಕೆಟ್ಟಂಗದ. ಲಗೂ ರಿಪೇರಿ ಮಾಡಿಸ್ರಿ."

ಸಾಹೇಬರ ಪರೀಕ್ಷೆ

ರಿಪೇರಿ ಮಾಡಿದ್ದೂ ಮಾಸ್ತರರ ದಯೆಯಿಂದಲೇ. ಒಂದೊಂದು ತಿಂಗಳಿಗೂ ಬೆರಳು ಮಡಚಿ ಲೆಕ್ಕ ಹೇಳಿದರು, ನಾನು ಬರೆದೆ. ಕೊನೆಗೆ ಯಾದಗಿರಿಯ ಸಾಹೇಬರು ನೋಡಲು ಬಂದರು. ಮಾಸ್ತರರು ಪಕ್ಕದಲ್ಲೇ ಕುಳಿತಿದ್ದರು.

"ನಮ್ಮಪ್ಪ ನನ್ನ ಹುಟ್ಟಿದ ತಾರೀಖು ಫಸಲಿದಾಗ ಬಾಯಿಪಾಠ ಮಾಡಿಸ್ಯಾನ. ಅದನ್ನ ಹಾಕ್ರಿ" ಎಂದು ಸಾಹೇಬರು ಹೆಮ್ಮೆಯಿಂದ ಹೇಳಿದರು. ಅವರದೂ ಆಜೂರ ತಿಂಗಳೇ. ಗುಂಡಿ ಒತ್ತಿದೆ. ಉತ್ತರ ಬಂತು.

ಚಹಾ ತಂದಿದ್ದ ಜವಾನ ಬಗ್ಗಿ ಓದಿದ. "ಅಲ್ರೀ ಸಾಹೇಬ್ರ, ನಿಮ್ಮ ರಿಟೈರ್ಮೆಂಟ್ ಬರೂ ಅಕ್ಟೋಬರಕ್ಕಲ್ಲ? ಇದರ ಪ್ರಕಾರ ಹ್ವಾದ ಅಕ್ಟೋಬರಕ್ಕ ಆಗಿ ಹೋಗ್ಯಾದ!"

ನಾನು ಮಾಡಿದ್ದ ತಪ್ಪನ್ನೇ, ಸಾಹೇಬರು ನೌಕರಿಗೆ ಸೇರಿದಾಗ ಯಾವನೋ ಗುಮಾಸ್ತ ಮಾಡಿದ್ದ. ಹೀಗಾಗಿ ಸರಕಾರಿ ದಾಖಲೆಯಲ್ಲಿ ಅವರು ಒಂದು ವರ್ಷ ಚಿಕ್ಕವರಾಗಿದ್ದರು. ಪ್ರೋಗ್ರಾಮು ತಪ್ಪು ಎಂದರೆ ನನ್ನ ಕೆಲಸ ಹೋಗುತ್ತದೆ, ಸರಿ ಎಂದರೆ ಸಾಹೇಬರದು. ನಾನು ಮಾಸ್ತರರ ಮುಖ ನೋಡಿದೆ. ಅವರು ಬೆರಳು ಮಡಚಿ, "ಲೆಕ್ಕ ಬರಾಬರ್ ಅದ ಸಾಹೇಬ್" ಎಂದುಬಿಟ್ಟರು.

ಸಾಹೇಬರು ಪೂರ್ತಿ ಚಹಾ ಕುಡಿದರು. ಆಮೇಲೆ ಕಪ್ಪು ಕೆಳಗಿಟ್ಟು ಎದ್ದರು.

"ಪ್ರೋಗ್ರಾಮು ಭಾಳ ಛಲೋ ಮಾಡೀರಿ, ಬಾಯಿ. ಆದ್ರ ಇಂಥಾ ನಾಜೂಕ ಕೆಲಸದಾಗ ಗಡಬಡಿ ಮಾಡಬಾರದು. ನಿಮ್ಮ ಗುತ್ತಿಗಿ ಮುಂದುವರಿಸ್ತೀನಿ, ಬರೂ ಅಕ್ಟೋಬರ ಮುಗಿಯೂ ತನಕ ಬರೇ ಟೆಸ್ಟಿಂಗ್ ಮಾಡ್ರಿ. ನವೆಂಬರ ಒಂದಕ್ಕ ಚಾಲೂ ಮಾಡ್ರಿ!"