ಹಲಸಿನಕಾಯಿ ಬಡಿಯುವ ಕಿವಿ

ಹೊಟ್ಟೆನೋವು, ಸೊಂಟನೋವಿಗೆ ಸಿಗುವ ಮರ್ಯಾದೆ ಕಿವಿನೋವಿಗೆ ಯಾವತ್ತೂ ಸಿಗುವುದಿಲ್ಲ. ಹಾರ್ಟ್ ಅಂದರೆ ಮನೆಯವರೆಲ್ಲ ಎದ್ದು ನಿಲ್ಲುತ್ತಾರೆ. ಕಿವಿ ಅಂದರೆ ಕಡ್ಡಿ ಹಾಕಬೇಡ ಎಂದೊಂದು ಬುದ್ಧಿಮಾತು ಹೇಳಿ ಚಹಾ ಕುಡಿಯಲು ಹೋಗುತ್ತಾರೆ. ಅದರಲ್ಲೂ ಕಿವಿ ಸೋರುವುದು ಚಿಕ್ಕ ಮಕ್ಕಳ ಕಾಯಿಲೆ. ಅರವತ್ತರ ಹತ್ತಿರದ, ಕಾನ್ವೆಂಟಿನಲ್ಲಿ ಕಲಿತ, ನೆರಿಗೆ ಒಂದಿಷ್ಟೂ ಅಲುಗದ ಹಾಗೆ ಸೀರೆ ಉಡುವ ಹೆಂಗಸಿಗೆ ಅದು ಬಂದರೆ ಯಾರಿಗೂ ಸಿಂಪತಿ ಹುಟ್ಟುವುದಿಲ್ಲ, ನಗು ಬರುತ್ತದೆ. ತೊಂಬತ್ತರ ದಶಕದ ಕೊನೆಯಲ್ಲಿ ನನಗೆ ಬಂತು.

ನನ್ನ ಕಿವಿಗಳ ಚರಿತ್ರೆ ಸ್ವಲ್ಪ ಹೇಳಬೇಕು. ಬಲಗಿವಿ ಬೆಳಗಾವಿಯ ಬೋರ್ಡಿಂಗಿನಲ್ಲೇ, ನೆಗಡಿ ಬಂದಾಗೆಲ್ಲ ಸೋರಿ ಸೋರಿ ಮಂದವಾಗಿತ್ತು. ಆಮೇಲೆ ಅದು ಉಪಯೋಗಕ್ಕೆ ಬಂದದ್ದು ಓಲೆ ಹಾಕಲಿಕ್ಕೆ ಮಾತ್ರ. ಎಡಗಿವಿ ಜೀನಿಯಸ್. ಪಿಯಾನೋ ಕಲಿಸುತ್ತಿದ್ದ ಸಿಸ್ಟರ್ ನನ್ನನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿ, ಒಂದೊಂದೇ ಸ್ವರ ನುಡಿಸಿ ಇದು ಯಾವುದು ಎಂದು ಕೇಳುತ್ತಿದ್ದರು. ನಾನು ತಪ್ಪುತ್ತಿರಲಿಲ್ಲ. 'ಯು ಹ್ಯಾವ್ ಆನ್ ಇಯರ್, ಚೈಲ್ಡ್' ಅನ್ನುತ್ತಿದ್ದರು. ಆ ಒಂದು ಇಯರನ್ನು ಹೊತ್ತುಕೊಂಡು ಮದುವೆಯಾಗಿ ಶಿರಸಿಗೆ ಬಂದೆ. ಇಲ್ಲಿ ಪಿಯಾನೋ ಇರಲಿಲ್ಲ, ಹಲಸಿನಕಾಯಿ ಇತ್ತು.

ಬೇಸಿಗೆ ಬಂದರೆ ನಮ್ಮ ಓಣಿಯ ಹೆಂಗಸರೆಲ್ಲ ಒಂದೊಂದು ದಿನ ಒಂದೊಂದು ಮನೆಯಲ್ಲಿ ಸೇರಿ ಹಲಸಿನ ಹಪ್ಪಳ ಮಾಡುವ ರೂಢಿ. ಕಾಯಿ ಸರಿಯಾಗಿ ಬೆಳೆದಿರಬೇಕು, ಹಣ್ಣಿಗೆ ತಿರುಗಿರಬಾರದು. ಎಳೆಯದಾದರೆ ಹಪ್ಪಳ ಬಿಸಿಲಲ್ಲೇ ಬಿರಿಯುತ್ತದೆ, ಸಿಹಿ ಬಂದಿದ್ದರೆ ಎಣ್ಣೆಗೆ ಬಿಟ್ಟ ಕೂಡಲೇ ಕಪ್ಪಾಗುತ್ತದೆ. ಹೊಸ ಸೊಸೆಯಾದ ನಾನು ಸೊಳೆ ಬಿಡಿಸಲು ಕೂತರೆ ಮೇಣ ಮೊಣಕೈವರೆಗೆ ಹತ್ತುತ್ತಿತ್ತು. ಒತ್ತಿದ ಹಪ್ಪಳ ಹಾಳೆಗೇ ಅಂಟುತ್ತಿತ್ತು. ಒಂದು ದಿನ ಸುಮ್ಮನೆ ಕೂತವಳು ಕಾಯಿಗಳನ್ನು ಬೆರಳ ಗೆಣ್ಣಿನಿಂದ ಬಡಿದು, ಟಕ್ ಅನ್ನುವುದು ಎಳೆಯದು, ಡಬ್ ಅನ್ನುವುದು ಬೆಳೆದದ್ದು ಎಂದೆ. ಕೊಯ್ದರು. ನಾನಂದದ್ದು ನಿಜವಾಗಿತ್ತು. ಇನ್ನು ಮುಂದೆ ಕಾಯಿ ಬಡಿದು ಹೇಳುವುದು ಇದೇ ಕೂಸು ಎಂದು ಅತ್ತೆ ಅಲ್ಲೇ ಸಾರಿದರು. ಅಂದಿನಿಂದ ನಾನು ಹಾಂ ಅನ್ನದೆ ಯಾವ ಕಾಯಿಗೂ ಕತ್ತಿ ಬೀಳುತ್ತಿರಲಿಲ್ಲ. ಅಡುಗೆಮನೆಯಲ್ಲಿ ನನಗಿದ್ದ ಏಕೈಕ ಡಿಗ್ರಿ ಅದು.

ಆ ವರ್ಷ ಮಾಘದ ನೆಗಡಿ ಆ ಎಡಗಿವಿಗೇ ಇಳಿಯಿತು. ಕಿವಿಯಲ್ಲಿ ಯಾರೋ ಅರಿವೆ ತುರುಕಿದ ಹಾಗೆ. ಅವಲಕ್ಕಿ ಜಗಿದರೆ ತಲೆಯೊಳಗೆ ಗಿರಣಿ. ನನ್ನ ಓರಗಿತ್ತಿ ಸಾವಿತ್ರಕ್ಕ, ಹೆಗ್ಗರಣೆ ಊರಿನ ಮಗಳು, ಬೆಳ್ಳುಳ್ಳಿ ಹಾಕಿ ಕಾಸಿದ ಕೊಬ್ಬರಿ ಎಣ್ಣೆ ಬಿಟ್ಟಳು. ಒಂದು ಬೆಳಿಗ್ಗೆ ದಿಂಬು ಒದ್ದೆಯಾಗಿತ್ತು, ನೋವು ಮಾಯ. ಎಣ್ಣೆ ಗೆದ್ದಿತು ಎಂದು ಇಬ್ಬರೂ ಸಂಭ್ರಮಪಟ್ಟೆವು, ಮತ್ತಷ್ಟು ಬಿಟ್ಟೆವು. ಆಮೇಲೆ ಕಿವಿಯೊಳಗೆ ಜೀರುಂಡೆ ಶುರುವಾಯಿತು. ದೇವರಿಗೆ ದೀಪ ಹಚ್ಚಲು ಬಗ್ಗಿದರೆ ದೇವರೇ ಒಂದು ಸುತ್ತು ತಿರುಗಿದ.

ಕಿವಿಯ ಡಾಕ್ಟರು ಹಾವೇರಿ ಕಡೆಯವರು. ಚಿಮಟದಂಥ ಒಂದು ಫೋರ್ಕನ್ನು ಮೊಣಕೈಗೆ ಬಡಿದು, ನನ್ನ ಹಣೆಗೆ ಒಮ್ಮೆ, ಕಿವಿಯ ಹಿಂದೊಮ್ಮೆ ಇಟ್ಟು, ಎಲ್ಲಿ ಕೇಳಿಸುತ್ತದೆ, ಎಷ್ಟು ಕೇಳಿಸುತ್ತದೆ ಎಂದು ಕೇಳಿದರು. ಕಾಯಿ ಬಡಿಸಿಕೊಳ್ಳುವಾಗ ಏನನ್ನಿಸಬಹುದು ಎಂದು ಆಗ ತಿಳಿಯಿತು.

"ಎಣ್ಣಿಂದ ಬಂದಿಲ್ಲರಿ ಇದು, ಮೂಗಿಂದ ಬಂದೈತಿ" ಎಂದರು. "ಕಿವಿ ಅಂದ್ರ ಮೂರು ಖೋಲಿ ಮನಿ. ನಡುವಿನ ಖೋಲ್ಯಾಗ ಕೀವು ತುಂಬಿ ಮುಂದಿನ ಪಡದಾ ಹರದೈತಿ. ಅದು ಕೂಡತೈತಿ. ಆದ್ರ ಒಳಗಿನ ಖೋಲಿಗೆ ಒಂದು ತೆಳ್ಳನ ಕಿಟಕಿ ಐತ್ರಿ, ಅದರಾಗಿಂದ ವಿಷ ಒಳಗ ಇಳದೈತಿ. ಭಾಳ ತಡಾ ಮಾಡಿದ್ರಿ."

ಆ ಒಳಗಿನ ಕೋಣೆಯಲ್ಲಿ ಶಂಖದ ಹುಳದ ಹಾಗೆ ಸುತ್ತಿಕೊಂಡ ಒಂದು ಅಂಗವಿದೆಯಂತೆ. ಕೇಳಿಸುವುದೂ, ಪಕ್ಕದಲ್ಲೇ ನಮ್ಮ ಬ್ಯಾಲೆನ್ಸೂ ಅಲ್ಲಿಯದೇ ಸಂಸಾರ. ಶಂಖದ ಬಾಗಿಲಲ್ಲಿ ಕೂತ ಸಣ್ಣ ಸಣ್ಣ ಕೂದಲು ಏರುಸ್ವರಗಳನ್ನು ಹಿಡಿಯುತ್ತವೆ, ವಿಷ ಮೊದಲು ಸುಡುವುದು ಅವನ್ನೇ, ಸುಟ್ಟದ್ದು ಮತ್ತೆ ಚಿಗುರುವುದಿಲ್ಲ. ಮಾತ್ರೆ, ಒಣ ಹತ್ತಿ ಕೊಟ್ಟರು; ಹನಿ ನೀರೂ ಕಿವಿಗೆ ಹೋಗಬಾರದು ಎಂದರು. ತಲೆ ತಿರುಗುವುದು ನಿಂತಿತು, ಪರದೆ ಕೂಡಿತು. ಆದರೆ ಗಡಿಯಾರದ ಟಿಕ್ ಟಿಕ್ ಹೋಯಿತು, ಒಗ್ಗರಣೆಯ ಚಟಪಟ ಹೋಯಿತು. ಎಣ್ಣೆ ಬಿಟ್ಟವಳು ತಾನೆಂದು ಸಾವಿತ್ರಕ್ಕ ನನ್ನ ಎದುರು ಬರುವುದನ್ನೇ ಕಡಿಮೆ ಮಾಡಿದಳು. ನನಗಿದ್ದ ಭಯವೇ ಬೇರೆ: ಹಪ್ಪಳದ ದಿನ ಹತ್ತಿರ ಬರುತ್ತಿತ್ತು.

ಎಂದಿನಂತೆ ಸಾವಿತ್ರಕ್ಕನ ತವರಿನಿಂದ ಟೆಂಪೋದಲ್ಲಿ ಕಾಯಿ ಬಂತು. ಓಣಿಯವರೆಲ್ಲ ಸುತ್ತ ಕೂತರು. ಬಡಿದೆ, ಡಬ್. ಇನ್ನೊಂದು, ಡಬ್. ಏರುಸ್ವರವೇ ಇಲ್ಲದ ಕಿವಿಗೆ ಲೋಕದ ಕಾಯಿಗಳೆಲ್ಲ ಬೆಳೆದವೇ! ಎಲ್ಲವನ್ನೂ ಪಾಸು ಮಾಡಿದರೆ ಸಂಶಯ ಬರುತ್ತದೆ ಎಂದು ದಪ್ಪಗಿದ್ದ ಒಂದನ್ನು, ಇದು ಎಳೆಯದು, ಎಂದು ಗಂಭೀರವಾಗಿ ಪಕ್ಕಕ್ಕೆ ತಳ್ಳಿದೆ. ಸ್ವಲ್ಪ ಹೊತ್ತಿನ ಮೇಲೆ ನೋಡುತ್ತೇನೆ, ಸಾವಿತ್ರಕ್ಕ ಅದನ್ನೂ ಕೊಯ್ಯುತ್ತಿದ್ದಾಳೆ. ಒಳಗೆ ಬೆಳೆದ, ಬಿಳಿ, ಹಪ್ಪಳಕ್ಕೆಂದೇ ಹುಟ್ಟಿದ ಸೊಳೆ.

ಎಲ್ಲರೂ ಹೋದ ಮೇಲೆ ಹಿತ್ತಿಲಲ್ಲಿ ಅವಳನ್ನು ಹಿಡಿದು ನಿಲ್ಲಿಸಿದೆ. ನನಗೆ ಟಕ್ ಅನ್ನುವುದೇ ಕೇಳಿಸುತ್ತಿಲ್ಲ, ಇನ್ನು ನಾನು ಯಾತಕ್ಕೆ ಎಂದು ಅತ್ತುಬಿಟ್ಟೆ. ಅವಳು ಕೈಯ ಮೇಣ ತಿಕ್ಕುತ್ತಾ ನಿಂತಳು.

"ಅದಕ್ಕೆಲ್ಲ ಕಿವಿ ಬೇಕಾಗ್ತಿಲ್ಲೆ ತಂಗಿ" ಎಂದಳು. "ಬೆಳೆದ ಕಾಯಿದು ಮುಳ್ಳು ಅಗಲ ಆಗ್ತು. ಓಣಿಲಿ ಎಲ್ಲರಿಗೂ ಗೊತ್ತಿದ್ದು. ಮರದ ಬುಡದಲ್ಲೇ ನೋಡಿ ಕೊಯ್ಸದು. ನೀ ಬಂದ ವರ್ಷ ಅತ್ತೆ ಹೇಳಿದ್ದು, 'ಕೂಸಿಗೆ ಬೇರೆ ಎಂತೂ ಬತ್ತಿಲ್ಲೆ, ಇದೊಂದು ಅದ್ರದ್ದೇ ಇರ್ಲಿ' ಹೇಳಿ."

ಮೇಣ ಬಿಟ್ಟಿತೋ ಎಂದು ಅವಳು ಬೆರಳು ನೋಡಿಕೊಂಡಳು.

"ಅದೂ ಅಲ್ದೆ, ನೀ ಕಣ್ಣು ಮುಚ್ಚಿ ಕಾಯಿ ಬಡಿಯಕಾರೆ ನಿನ್ನ ಮೋರೆ ನೋಡದು ಯಂಗಕ್ಕೆಲ್ಲ ಒಂದು ಖುಷಿ."

ಅಂದರೆ ಇಷ್ಟು ವರ್ಷ ಓಣಿಗೆ ಓಣಿಯೇ ಸೇರಿ ನನ್ನ ಎಡಗಿವಿಯನ್ನು ಸಾಕಿತ್ತು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮರುವರ್ಷ ಹಪ್ಪಳದ ದಿನ ಕರೆ ಬಂದಾಗ ಹೋದೆ, ಇವತ್ತಿಗೂ ಹೋಗುತ್ತೇನೆ, ತಲೆ ವಾಲಿಸಿ, ಕಣ್ಣು ಮುಚ್ಚಿ, ಒಂದೊಂದನ್ನೇ ಬಡಿಯುತ್ತೇನೆ. ಹೊರಡುವ ಮೊದಲು ಮಾತ್ರ ಕನ್ನಡಿಯ ಮುಂದೆ ನಿಂತು ಮುಖಕ್ಕೆ ಒಂಚೂರು ಪೌಡರ್ ಹಚ್ಚಿಕೊಳ್ಳುತ್ತೇನೆ.